ಗ್ರಾಫೀನ್ ತಟ್ಟೆ ಮತ್ತು ಅವ್ವನ ಕೀಲಿಕೈ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೂಗು ಮುರಿಯುತ್ತಿದ್ದವಳು ನಾನು. ಫಿಟ್ಸ್ ಬಂದವರ ಕೈಯಲ್ಲಿ ಕಬ್ಬಿಣ ಇಟ್ಟರೆ ನಿಲ್ಲುತ್ತದೆ ಎಂದು ನಮ್ಮ ಕಡೆ ಇವತ್ತಿಗೂ ನಂಬುವವರಿದ್ದಾರೆ. ಅವ್ವನೊಂದಿಗೆ ನಾನು ಹೆಚ್ಚು ಜಗಳವಾಡಿದ್ದು ಇದೇ ವಿಷಯಕ್ಕೆ. ಮುಳವಾಡದ ನಮ್ಮ ಮನೆಯಲ್ಲಿ ಅಕ್ಕ ಮಹಾದೇವಿಗೆ ಚಿಕ್ಕಂದಿನಿಂದಲೂ ಫಿಟ್ಸ್. ಬಂದಾಗಲೆಲ್ಲ ಅವ್ವ ಜೋಳದ ಕೋಣೆಯ ಕಬ್ಬಿಣದ ಕೀಲಿಕೈಯನ್ನು ಅವಳ ಅಂಗೈಗೆ ಒತ್ತುತ್ತಿದ್ದಳು. ಫಿಟ್ಸ್ ತಾನಾಗಿಯೇ ನಿಲ್ಲುತ್ತದೆ ಎಂದು ನಾನು ಹೇಳಿದ್ದೇ ಬಂತು.

ನನ್ನ ಕೆಲಸ ದೂರದ ಊರಿನ ಒಂದು ಪ್ರಯೋಗಾಲಯದಲ್ಲಿ. ಅಕ್ಕನ ಒಪ್ಪಿಗೆ ಪಡೆದು, ಅವಳ ತೋಳಿನ ಚೂರು ಚರ್ಮದಿಂದ ಅಲ್ಲಿ ನರಕೋಶಗಳನ್ನು ಬೆಳೆಸಿದ್ದೆವು. ಅವಳಂಥವರಿಗೆ ಯಾವ ಔಷಧ ಒಗ್ಗುತ್ತದೆ ಎಂದು ನೋಡಬೇಕಿತ್ತು. ಕೋಶಗಳಿದ್ದದ್ದು ಗ್ರಾಫೀನ್ ವಿದ್ಯುದ್ವಾರಗಳಿರುವ ಗಾಜಿನ ತಟ್ಟೆಯಲ್ಲಿ. ಗ್ರಾಫೀನ್ ಎಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲವೇ, ಆದರೆ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ. ಅದರ ಮೂಲಕ ಕೋಶಗಳೂ ಕಾಣುತ್ತವೆ, ಅವು ಮಿಡಿದಾಗ ಹೊಮ್ಮುವ ಸಣ್ಣ ವಿದ್ಯುತ್ತನ್ನೂ ಅದು ಹಿಡಿಯುತ್ತದೆ. ನಾವು ಸ್ಪೀಕರಿಗೆ ಜೋಡಿಸಿ ಕೇಳುತ್ತಿದ್ದೆವು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು.

ಒಮ್ಮೆ ಊರಿಂದ ಬರುವಾಗ ಕೀಲಿಕೈ ಮರೆತು ನನ್ನ ಪರ್ಸಿನಲ್ಲೇ ಬಂದುಬಿಟ್ಟಿತ್ತು. "ಕೀಲಿಕೈ ನೀನ ಒಯ್ದಿ? ನಿಮ್ಮಕ್ಕಗ ಫಿಟ್ಸ್ ಬಂದ್ರ ಕೈಯಾಗ ಏನ್ ಕೊಡ್ಲಿ ನಾ?" ಎಂದು ಅವ್ವ ಫೋನಿನಲ್ಲಿ ಗದರಿದಳು.

"ಅಕ್ಕಗ ಗುಳಗಿ ತಪ್ಪಸಬ್ಯಾಡ ಅನ್ನು, ಅಷ್ಟ ಸಾಕು," ಎಂದೆ.

ಮರುದಿನ ಮಧ್ಯಾಹ್ನ ತಟ್ಟೆಯ ಸದ್ದು ಬದಲಾಯಿತು. ಬಿಡಿಬಿಡಿಯಾಗಿ ಸಿಡಿಯುತ್ತಿದ್ದ ಕೋಶಗಳೆಲ್ಲ, ಫಿಟ್ಸ್ ಬಂದಾಗ ಮಿದುಳಿನಲ್ಲಿ ಆಗುವಂತೆ, ಒಟ್ಟಿಗೇ ಮಿಡಿಯತೊಡಗಿದವು. ಹಾಗಾಗುವುದು ಹೊಸದಲ್ಲ, ಆದರೆ ಈ ಸಲ ಅದು ನಿಲ್ಲಲೇ ಇಲ್ಲ. ಅಕ್ಕ ನೆಲದ ಮೇಲೆ ಒದ್ದಾಡುವುದು ಕಣ್ಣಿಗೆ ಕಟ್ಟಿತು. ನನಗೆ ತುಂಬ ಭಯವಾಯಿತು. ಏನು ಮಾಡುತ್ತಿದ್ದೇನೆಂದು ಯೋಚಿಸದೆ ಪರ್ಸಿನಿಂದ ಕೀಲಿಕೈ ತೆಗೆದು ತಟ್ಟೆಯ ಪಕ್ಕ ಇಟ್ಟೆ. ಸದ್ದು ನಿಂತಿತು. ಯಾರಾದರೂ ನೋಡಿದರೇನೋ ಎಂದು ನಾಚಿಕೊಂಡು ಸುತ್ತ ಕಣ್ಣಾಡಿಸಿದೆ.

ಸಂಜೆ ಅಕ್ಕನೇ ಫೋನ್ ಮಾಡಿದಳು. ಮಧ್ಯಾಹ್ನ ಕಾಲುವೆ ದಂಡೆಯಲ್ಲಿ ಒಬ್ಬಳೇ ಬಟ್ಟೆ ಒಗೆಯುವಾಗ ಫಿಟ್ಸ್ ಬಂದಿತ್ತಂತೆ. "ಇನ್ನೊಮ್ಮೆ ಹೊರಳಿದ್ರ ನೀರಾಗ ಬೀಳ್ತಿದ್ನಿ. ಯಾರೋ ಕೈಯಾಗ ಕೀಲಿಕೈ ಇಟ್ಟಂಗಾತು, ಥಣ್ಣಗ. ಕಣ್ಣ ತಗದ ನೋಡಿದ್ರ ಏನೂ ಇಲ್ಲ. ಕೀಲಿಕೈ ನಿನ್ನ ಕಡೆನ ಐತೆಲ್ಲ?"

ಹೌದೆಂದೆ. ಉಳಿದದ್ದನ್ನು ಅವಳಿಗೆ ಈವರೆಗೂ ಹೇಳಿಲ್ಲ.

ಲೋಹ ಹತ್ತಿರ ಬಂದು ತಟ್ಟೆಯ ವಿದ್ಯುತ್ ಸಂಕೇತ ಕೆಟ್ಟಿರಬಹುದು. ಕೋಶಗಳು ತಾವಾಗಿಯೇ ಸುಮ್ಮನಾಗಿರಬಹುದು, ಅಕ್ಕನ ಫಿಟ್ಸ್ ನಿಂತಿದ್ದೂ ಹಾಗೆಯೇ. ಕೀಲಿಕೈಯ ತಂಪು ಅವಳ ಅಂಗೈಗೆ ಹಳೆಯ ಅಭ್ಯಾಸ. ಒಂದೊಂದಕ್ಕೂ ಉತ್ತರವಿದೆ, ಆದರೆ ಎಲ್ಲವೂ ಒಂದೇ ಮಧ್ಯಾಹ್ನ ಆದವು.

ಪ್ರಯೋಗ ಮುಗಿದ ಮೇಲೆ ಆ ಕೋಶಗಳನ್ನು ನಾಶಮಾಡಲೇಬೇಕು. ಆ ಕೆಲಸವನ್ನು ಪ್ರಯೋಗಾಲಯದ ಗೆಳತಿಗೆ ಒಪ್ಪಿಸಿ, ಅದು ನಡೆಯುವ ಹೊತ್ತಿಗೆ ಅಕ್ಕನ ಬಳಿ ಇರಬೇಕೆಂದು ನಾನು ಮುಳವಾಡಕ್ಕೆ ಹೋದೆ. ಅಕ್ಕ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು, ಹಿಟ್ಟು ಮೆತ್ತಿದ ಅವಳ ಅಂಗೈಯಲ್ಲಿ ಕೀಲಿಕೈ ಇಟ್ಟು ಆ ಕೈಯನ್ನು ಹಿಡಿದುಕೊಂಡೆ.

"ಇದೇನ ಹುಚ್ಚಿ, ರೊಟ್ಟಿ ಸುಡತೈತಿ, ಬಿಡ ಕೈ," ಎಂದಳು.

ಕೆಲಸ ಮುಗಿಯಿತೆಂದು ಗೆಳತಿಯ ಮೆಸೇಜ್ ಬಂತು. ಅಕ್ಕನಿಗೆ ಏನೂ ಆಗಲಿಲ್ಲ. ಆದರೂ ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೆ ನಾನು ಆ ಕೈ ಬಿಡಲಿಲ್ಲ.