ಸದ್ದಿಲ್ಲದ ಮೋಟರು

ಅಪ್ಪಯ್ಯನ ಕಿವಿ ಹೋದದ್ದು ದೋಣಿಯ ಸೀಮೆಎಣ್ಣೆ ಇಂಜಿನ್ನಿನಿಂದ. ನಲವತ್ತು ವರ್ಷ ಅದರ ಪಕ್ಕದಲ್ಲೇ ಕೂತು ನಮ್ಮೂರು ಕೋಡಿಯಿಂದ ಕಡಲಿಗೆ ಮೀನು ಹಿಡಿಯಲು ಹೋಗಿಬಂದವರು. ಇಂಜಿನ್ ಹೇಗೆ ಓಡುತ್ತಿದೆ ಎಂಬುದನ್ನು ಅವರು ಬರಿಗಾಲಿನಿಂದಲೇ ತಿಳಿಯುತ್ತಿದ್ದರು. ಹಲಗೆ ನಡುಗುವ ರೀತಿ ಅವರಿಗೆ ಎಲ್ಲವನ್ನೂ ಹೇಳುತ್ತಿತ್ತು.

ಒಂದು ಕಂಪನಿಯವರು ದೋಣಿಗೆ ಹಾಕುವ ಬ್ಯಾಟರಿ ಮೋಟರನ್ನು ಪರೀಕ್ಷೆಗೆ ಕೊಡುತ್ತಾರೆಂದು ತಿಳಿದಾಗ ಅಪ್ಪಯ್ಯನ ಹೆಸರು ಬರೆಸಿದವಳು ನಾನೇ. ನಾನು ಬ್ರಹ್ಮಾವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಬ್ಬಿಣ, ರಂಜಕ ಬಳಸಿ ಮಾಡಿದ ಈ ಹೊಸ ಬ್ಯಾಟರಿ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಪೆಟ್ಟಿಗೆಯೊಳಗೆ ಉಪ್ಪುನೀರು ಇಳಿಯುವುದಿಲ್ಲ ಎಂದು ಮನೆಯಲ್ಲಿ ವಿವರಿಸಿದ್ದೆ. ನಡುವೆ ಚಾರ್ಜ್ ಮುಗಿದರೆ ಎಂತ ಮಾಡುವುದು ಎಂದು ಅಮ್ಮ ಕೇಳಿದರು. ಮುಗಿಯುವುದಿಲ್ಲ ಎಂದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪರೀಕ್ಷೆಯ ದಿನ, ಪರದೆ ನೋಡಲು ಒಬ್ಬರು ಬೇಕೆಂಬ ನೆಪ ಹೇಳಿ ನಾನೂ ದೋಣಿ ಹತ್ತಿದೆ.

ಹೊಳೆ ಬಿಟ್ಟು ಆಚೆ ಹೋಗಬೇಡಿ ಎಂದು ಕಂಪನಿಯ ಎಂಜಿನಿಯರ್ ದಡದಿಂದ ಸನ್ನೆ ಮಾಡಿದ್ದರು. ಅಪ್ಪಯ್ಯ ಅಭ್ಯಾಸಬಲದಿಂದ ನೇರ ಹೊಳೆ ಕಡಲು ಸೇರುವ ಅಳಿವೆಗೇ ಹೋದರು. ಇಳಿತದ ನೀರು ಹೊರಗೆ ನುಗ್ಗುತ್ತಿತ್ತು, ಕಡಲಿನ ಅಲೆ ಅದಕ್ಕೆ ಎದುರು ಬಂದು ಒಡೆಯುತ್ತಿತ್ತು. ಪರದೆಯ ಮೇಲೆ ಚಾರ್ಜ್ ಶೇಕಡಾ ಅರುವತ್ತು ಇದ್ದದ್ದು ನೋಡನೋಡುತ್ತಲೇ ನಲವತ್ತೈದಕ್ಕೆ ಇಳಿಯಿತು. ಅಷ್ಟರಲ್ಲಿ ಅಪ್ಪಯ್ಯ ನಡುಗದ ಹಲಗೆಯ ಮೇಲಿನ ತಮ್ಮ ಪಾದ ನೋಡಿಕೊಂಡರು.

"ಎಂತ, ನಿಂತ್ ಹೋಯ್ತಾ?"

ಇಲ್ಲವೆಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಮೋಟರಿನ ಹಿಡಿ ಬಿಟ್ಟು ಹುಟ್ಟಿಗಾಗಿ ಬಗ್ಗಿದರು. ದೋಣಿ ಅಡ್ಡ ತಿರುಗಿತು. ಅಲೆ ಒಳಗೆ ಬಿದ್ದು ಬ್ಯಾಟರಿ ಪೆಟ್ಟಿಗೆ ಪೂರ್ತಿ ನೆನೆಯಿತು. ಮಕ್ಕಳಿಗೆ ಕಲಿಸಿದ್ದೆಲ್ಲ ನನಗೆ ಆಗ ಮರೆತೇಹೋಯಿತು. ಫೋನಿನಲ್ಲಿ ನೋಡಿದ್ದ, ಧಗಧಗ ಉರಿಯುವ ಸ್ಕೂಟರ್ ಒಂದೇ ಕಣ್ಣಮುಂದೆ ಬಂತು. ತೆವಳಿಕೊಂಡು ಹೋಗಿ ಅವರ ಕೈ ಹಿಡಿದೆಳೆದು ಮೋಟರಿನ ತಲೆಯ ಮೇಲೆ ಒತ್ತಿದೆ. ಅಲ್ಲಿ ಸಣ್ಣಗೆ ಒಂದು ಅದುರು ಇತ್ತು. ಅವರಿಗೆ ತಿಳಿಯಿತು. ತಕ್ಷಣ ಹಿಡಿ ತಿರುಗಿಸಿ ದೋಣಿಯ ಮೂತಿಯನ್ನು ಅಲೆಗೆ ಕೊಟ್ಟರು. ಎರಡನೆಯ ಅಲೆ ಅಡಿಯಿಂದ ದಾಟಿಹೋಯಿತು.

ದಡ ಮುಟ್ಟಿದಾಗ ಎಂಜಿನಿಯರಿಗೆ ಖುಷಿಯೋ ಖುಷಿ. ಅಷ್ಟು ನೀರು ಬಿದ್ದರೂ ಬ್ಯಾಟರಿಗೆ ಏನೂ ಆಗಿರಲಿಲ್ಲ. ಅಪ್ಪಯ್ಯ ಮರಳಿನ ಮೇಲೆ ಕೂತರು. ಎರಡೂ ಅಂಗಾಲನ್ನು ಮರಳಿಗೆ ಒತ್ತಿ ನೋಡಿಕೊಂಡರು.

"ಕಾಲಿಗೆ ಎಂತದೂ ಗೊತ್ತಾತಿಲ್ಲೆ ಹೆಣ್ಣೆ," ಎಂದರು. "ಕಣ್ಣೂ ಹೋದಂಗಾಯ್ತ್."

ಮೋಟರನ್ನು ವಾಪಸು ಕೊಟ್ಟುಬಿಡೋಣ ಎಂದು ಸನ್ನೆಯಲ್ಲೇ ಅಂಗಲಾಚಿದೆ. ಅವರು ಒಪ್ಪಲಿಲ್ಲ. ಹೊಗೆಯಿಲ್ಲದ್ದರಿಂದ ತಮ್ಮ ಹಳೇ ಕೆಮ್ಮು ಕಡಿಮೆಯಾದೀತು ಎಂಬುದು ಅವರ ಲೆಕ್ಕ. ಮೋಟರು ತಿರುಗುವಾಗ ಉರಿಯುವಂತೆ ಎಂಜಿನಿಯರ್ ಒಂದು ಹಸಿರು ದೀಪ ಕೂರಿಸಿಕೊಟ್ಟರು. ಈಗ ಅದನ್ನೇ ನಂಬಿಕೊಂಡು ಒಬ್ಬರೇ ಅಳಿವೆ ದಾಟುತ್ತಾರೆ.

ದಿನಾ ಬೆಳಿಗ್ಗೆ ಅವರು ದಡ ಸೇರಿದ ಮೇಲೆ ಅಮ್ಮ ಫೋನ್ ಮಾಡುತ್ತಾರೆ. ಅಲ್ಲಿಯವರೆಗೆ ನಾನು ಏನು ಪಾಠ ಮಾಡುತ್ತೇನೋ ನನಗೇ ತಿಳಿಯದು. ನಿನ್ನೆ ಫೋನ್ ಬರಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದು ನಾನೇ ಕರೆದೆ. ಮೂರನೆಯ ಸಲಕ್ಕೆ ಅಮ್ಮ ಎತ್ತಿದರು.

"ಬಂದ್ರ್. ಗಂಜಿ ಉಣ್ತಾ ಇದ್ರ್," ಎಂದರು.

ಮತ್ತೆ ತರಗತಿಗೆ ಹೋಗಿ, ಅರ್ಧಕ್ಕೆ ಬಿಟ್ಟದ್ದನ್ನು ಬರೆದು ಮುಗಿಸಿದೆ.