ಕೊಡದ ಕೊರಳಿನ ಜೋಳದ ತೆನೆ

ಇವತ್ತು ಜತ್ತದಲ್ಲಿ ನನ್ನ ಕುಂಬಾರಿಕೆಯ ತಿಗರಿಯ ಮೇಲೆ ಹಸಿಮಣ್ಣು ಇಟ್ಟಾಗ ನಮ್ಮೂರು ತಿಕೋಂಡಿಯ ಮನೆಯಂಗಳದ ವಾಸನೆಯೇ ಬಂತು. ಅಲ್ಲಿ ತಿಗರಿ ತಿರುಗಿಸುವವನು ಅಪ್ಪ. ಹೆಣ್ಣುಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಹಸಿ ಕೊಡಗಳನ್ನು ಬಡಿದು ನುಣುಪು ಮಾಡುವುದಷ್ಟೇ ಅವ್ವನ ಪಾಲಿಗೆ. ಒಮ್ಮೆ ಅವಳು ಒಂದು ಕೊಡದ ಕೊರಳಿಗೆ ಕಡ್ಡಿಯಿಂದ ಜೋಳದ ತೆನೆ ಗೀರಿದಳು. ಅದೆಷ್ಟು ಚೆಂದವಿತ್ತು!

ಅಪ್ಪ ಒದ್ದೆ ಅರಿವೆಯಿಂದ ಒರೆಸಿಯೇ ಬಿಟ್ಟ. "ಚಿತ್ರ ಕಂಡ್ರ ಮಂದಿ ಬಿರಕ ಮುಚ್ಚ್ಯಾರ ಅಂತಾರ. ಯಾರೂ ಒಯ್ಯಂಗಿಲ್ಲ."

ಅವ್ವ ಮತ್ತೆಂದೂ ಗೀರಲಿಲ್ಲ. ಆ ಅರಿವೆಯ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ.

ಹೋದ ವಾರ ಅದೇ ತೆನೆ ಗೀರಿ ಸುಟ್ಟಿದ್ದ ನನ್ನ ಹೂಜಿಯನ್ನು ಇವತ್ತು ಸಂಜೆ, ನನ್ನಲ್ಲಿಗೆ ಬಂದಿದ್ದ ಅವಳ ಕೈಗಿತ್ತೆ. ಅವ್ವ ತೆನೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಆಲಿಸಿದಳು.

"ಖರೇ ಹೇಳವಾ, ಬಿರಕ ಎಲ್ಲೈತಿ?"