ಬಾಳೆಕಂದಿನ ಸಂಸಾರ

ನಮ್ಮ ಮನೆಯ ಗಣೇಶನಿಗೆ ಮದುವೆಯಾಗಿದೆ ಎಂಬ ಸುದ್ದಿ ನನಗೆ ತಿಳಿದದ್ದು ಹಬ್ಬದ ದಿನ ಬೆಳಗ್ಗೆ ಎಂಟು ಗಂಟೆಗೆ, ಕಡುಬಿನ ಕಣಕ ನಾದುತ್ತಿದ್ದಾಗ. ಸುದ್ದಿ ತಂದವಳು ನನ್ನ ಆರು ವರ್ಷದ ಮಗಳು ಮೈತ್ರಿ. ತಂದ ಭಾಷೆ ಕನ್ನಡವಲ್ಲ. ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಸಿಟ್ಟು ಮಾಡಿಕೊಳ್ಳಬೇಕೆಂದು ಆ ಅವಸರದಲ್ಲಿ ತೀರ್ಮಾನಿಸಲಾಗಲಿಲ್ಲ. ಎರಡಕ್ಕೂ ಸಮನಾಗಿ ಮಾಡಿಕೊಂಡೆ.

ನಿಮ್ಮ ಹತ್ತಿರ ಮುಚ್ಚುಮರೆಯೇನು, ಭಾದ್ರಪದ ಬಂತೆಂದರೆ ನನಗೆ ಸಿಟ್ಟು ತಾನಾಗಿಯೇ ಬರುತ್ತದೆ. ಗಂಡನ ರೈಲ್ವೆ ನೌಕರಿಯ ದೆಸೆಯಿಂದ ಏಳು ವರ್ಷದ ಹಿಂದೆ ಕೋಲ್ಕತ್ತಕ್ಕೆ ಬಂದು ಲೇಕ್ ಗಾರ್ಡನ್ಸ್‌ನ ಮೂರನೇ ಮಹಡಿಯಲ್ಲಿ ನೆಲೆಸಿದವರು ನಾವು. ಈ ಊರು ತಾಯಿ ದುರ್ಗೆ ಬಂದಾಗ ದಿನಗಟ್ಟಲೆ ಬಾಗಿಲು ಹಾಕಿಕೊಂಡು ಬೀದಿಯಲ್ಲಿರುತ್ತದೆ. ಅದೇ ತಾಯಿಯ ಮಗ ಒಂದು ತಿಂಗಳು ಮೊದಲು ಒಬ್ಬನೇ ಬಂದರೆ ಅರ್ಧ ದಿನದ ರಜೆಯೂ ಇಲ್ಲ. ಎಸ್ಪ್ಲನೇಡಿನ ನನ್ನ ಕಚೇರಿಯಲ್ಲಿ ರಜೆಯ ಅರ್ಜಿ ಕೊಟ್ಟಾಗ ಸಾಹೇಬರು ಕನ್ನಡಕ ಮೇಲೆತ್ತಿ, ಗಣೇಶನ ಪೂಜೆ ಅಂಗಡಿಯವರು ವರ್ಷದ ಮೊದಲ ದಿನ ಮಾಡುವುದಲ್ಲವೇ, ಈಗೇನಿದು ಎಂದು ಕೇಳಿದರು. ಗಣೇಶನ ಹುಟ್ಟುಹಬ್ಬ ಎಂದೆ. ಹಾಗಾದರೆ ಸಂಜೆ ಮಾಡಿಕೊಳ್ಳಬಹುದಲ್ಲ ಎಂದರು. ಆ ರಜೆ ಪಡೆಯಲು ನಾನು ಮಾಡಿದ ವಾದವನ್ನು ಅಲಿಪುರದ ಕೋರ್ಟಿನಲ್ಲಿ ಮಾಡಿದ್ದರೆ ಯಾವುದಾದರೂ ಮೊಕದ್ದಮೆ ಗೆದ್ದಿರುತ್ತಿದ್ದೆ.

ಇನ್ನು ಮಗಳ ಕನ್ನಡದ ವಿಷಯ. ಅವಳಿಗೆ ಕನ್ನಡ ಅರ್ಥವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಡುಗೆಮನೆಯಲ್ಲಿ ನಾನು ಫೋನಿನಲ್ಲಿ ನನ್ನ ತಂಗಿಯೊಂದಿಗೆ ಪಿಸುಗುಟ್ಟಿದ್ದೆಲ್ಲ ಅವಳಿಗೆ ಚಾಚೂ ತಪ್ಪದೆ ಅರ್ಥವಾಗುತ್ತದೆ. ಆದರೆ ಉತ್ತರ ಬರುವುದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ನಡುನಡುವೆ ಬಂಗಾಳಿಯಲ್ಲಿ. ಕನ್ನಡದ ನಾಮಪದಗಳು ಅವಳ ಬಾಯಲ್ಲಿವೆ: ಅಮ್ಮ, ಅಪ್ಪ, ಅನ್ನ, ಸಾರು, ಹಪ್ಪಳ. ತಮ್ಮ ನಚ್ಚುವನ್ನು ನಾನು ಕಂದ ಎನ್ನುತ್ತೇನಾಗಿ ಅವಳಿಗೂ ಅವನು ಕಂದ. ಕ್ರಿಯಾಪದ ಮಾತ್ರ ಒಂದಾದರೂ ಹೊರಬಂದದ್ದಿಲ್ಲ. ಹೆತ್ತ ಮಗಳು ನನ್ನ ಭಾಷೆಯಲ್ಲಿ ಒಂದು ಇಡೀ ವಾಕ್ಯ ಹೇಳುವುದನ್ನು ಕೇಳದೆಯೇ ನಾನು ಮುದುಕಿಯಾಗಿಬಿಡುತ್ತೇನೆ ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು. ಅದನ್ನು ಹೆದರಿಕೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಸಿಟ್ಟು ಎಂದು ಕರೆಯುತ್ತಿದ್ದೆ.

ಆದ್ದರಿಂದ ಈ ವರ್ಷ ಒಂದು ಕಾನೂನು ಮಾಡಿದೆ. ಹಬ್ಬದ ದಿನ ಕ್ರಿಯಾಪದ ಸಮೇತ ಒಂದು ಪೂರ್ತಿ ಕನ್ನಡ ವಾಕ್ಯ ಹೇಳಿದವರಿಗೆ ಮಾತ್ರ ಕಡುಬು. ಮೂರು ವರ್ಷದ ನಚ್ಚು ಆ ಕ್ಷಣವೇ "ಕಡುಬು ಕೊಡು" ಎಂದು ಪಾಸಾಗಿಬಿಟ್ಟ. ಮೈತ್ರಿ ಸ್ವಲ್ಪ ಯೋಚಿಸಿ "ಕಡುಬು ದೋ" ಎಂದಳು. ನಾನು ತಲೆಯಾಡಿಸಿದೆ. ಅವಳು ಭುಜ ಕುಣಿಸಿ ಹೊರಟುಹೋದಳು. ಹಟದಲ್ಲಿ ಅವಳು ಯಾರ ಮಗಳು ಎಂದು ಕೇಳುವ ಅಗತ್ಯವಿಲ್ಲ.

ಹಬ್ಬ ಊರಿನ ಹಾಗೆಯೇ ನಡೆಯಬೇಕೆಂದು ಇನ್ನೊಂದು ಏರ್ಪಾಡನ್ನೂ ಮಾಡಿದ್ದೆ. ಬೇರೆ ವರ್ಷಗಳಲ್ಲಿ ಎರಡು ಬಾಳೆಲೆ ಕಟ್ಟಿ ಸುಧಾರಿಸುತ್ತಿದ್ದವಳು ಈ ಸಲ ಬಾಳೆಕಂದೇ ಬೇಕೆಂದು ರೈಲು ಸ್ಟೇಷನ್ನಿನ ಬದಿಯ ಸಂತೆಗೆ ಹೋದೆ. ಗಿಡ ಮಾರುವವನು ಒಂದು ಕಂದು ಎತ್ತಿಕೊಟ್ಟ. ನಾನು ಬಂದಷ್ಟು ಬಂಗಾಳಿಯಲ್ಲಿ ಎರಡು ಬೇಕೆಂದು ಬೆರಳು ತೋರಿಸಿದೆ. ಅವನು ಪಕ್ಕದವನಿಗೆ ಏನೋ ಹೇಳಿ ನಕ್ಕ. ನನ್ನ ಬಂಗಾಳಿಗೆ ನಕ್ಕ ಎಂದುಕೊಂಡು ಮುಖ ಗಂಟಿಕ್ಕಿಕೊಂಡು ಬಂದೆ. ಮೈತ್ರಿಯ ಓದುವ ಮೇಜಿನ ಮೇಲೆ ಗಣೇಶನನ್ನು ಕೂರಿಸಿ, ಮೇಜಿನ ಮುಂದಿನ ಎರಡು ಕಾಲುಗಳಿಗೆ ಎರಡು ಕಂದು ಕಟ್ಟಿದ್ದಾಯಿತು.

ಬೆಳಗ್ಗೆ ಎದ್ದು ಬಂದ ಮಗಳು ಅದನ್ನು ನೋಡಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ವೈ ಟೂ? ಗಣೇಶ್ ಕೀ ತೋ ಏಕ್ ಹೀ ಬೌ ಹೈ" ಎಂದಳು. ಬೌ ಎಂದರೆ ಬಂಗಾಳಿಯಲ್ಲಿ ಹೆಂಡತಿ, ಸೊಸೆಯೂ ಹೌದು. ಗಣೇಶನಿಗೆ ಇರುವವಳು ಒಬ್ಬಳೇ ಹೆಂಡತಿ, ನೀನೇಕೆ ಇಬ್ಬರನ್ನು ಕಟ್ಟಿದೆ ಎಂಬುದು ಪ್ರಶ್ನೆ. ವಿಚಾರಿಸಿದಾಗ ಪೂರ್ತಿ ಕಥೆ ಹೊರಬಿತ್ತು. ದುರ್ಗಾಪೂಜೆಯ ಸಪ್ತಮಿಯಂದು ಇವರು ಒಂದು ಬಾಳೆಗಿಡಕ್ಕೆ ಸ್ನಾನ ಮಾಡಿಸಿ, ಕೆಂಪಂಚಿನ ಸೀರೆ ಉಡಿಸಿ, ಸೆರಗು ಹೊದಿಸಿ ಗಣೇಶನ ಪಕ್ಕಕ್ಕೆ ನಿಲ್ಲಿಸುತ್ತಾರಂತೆ. ಅವಳ ಹೆಸರು ಕೊಲಾ ಬೌ. ಅಂದರೆ ಬಾಳೆ ಸೊಸೆ. ಕಳೆದ ವರ್ಷ ಎದುರು ಮನೆಯ ಬಂಗಾಳಿ ಚಿಕ್ಕಮ್ಮ, ನಮ್ಮೆಲ್ಲರ ಮಾಶಿ, ಮೈತ್ರಿಯನ್ನು ಬೀದಿಯ ಪಂದಾಲಿಗೆ ಕರೆದೊಯ್ದು ಎಲ್ಲವನ್ನೂ ತೋರಿಸಿದ್ದರು. ಆ ಸೀರೆಯುಟ್ಟ ಗಿಡವನ್ನು ಇಷ್ಟು ವರ್ಷ ನಾನೂ ನೋಡಿದ್ದೆ. ಪೂಜೆಯ ನೂಕುನುಗ್ಗಲಲ್ಲಿ ನನ್ನ ಗಮನವೆಲ್ಲ ಮಕ್ಕಳ ಕೈ ಮತ್ತು ನನ್ನ ಚಪ್ಪಲಿಯ ಮೇಲಿರುವುದರಿಂದ, ಕಂಬ ಮುಚ್ಚಲು ಯಾರೋ ಬಟ್ಟೆ ಸುತ್ತಿದ್ದಾರೆ ಎಂದುಕೊಂಡಿದ್ದೆ.

ನನಗೆ ರೇಗಿಹೋಯಿತು. ನಮ್ಮ ಮೈಸೂರಿನ ಕಡೆ ಗಣೇಶ ಬ್ರಹ್ಮಚಾರಿ. ತಾಯಿಯಂಥ ಹೆಣ್ಣೇ ಬೇಕೆಂದು ಕೆರೆಯ ದಂಡೆಯ ಮೇಲೆ, ನದಿಯ ಮೆಟ್ಟಿಲ ಮೇಲೆ ಕುಳಿತು ನೀರಿಗೆ ಬರುವ ಹೆಂಗಸರನ್ನೆಲ್ಲ ನೋಡಿ ನೋಡಿ, ಯಾರೂ ಒಪ್ಪಿಗೆಯಾಗದೆ ಹಾಗೆಯೇ ಉಳಿದವನು. ಹಿಂದಿನ ದಿನ ತಾಯಿ ಗೌರಿ ತವರಿಗೆ ಬಂದರೆ, ಮರುದಿನ ಕರೆದೊಯ್ಯಲು ಬರುತ್ತಾನೆ. ಇಪ್ಪತ್ತೊಂದು ಕಡುಬು ತಿಂದು ಮರ್ಯಾದೆಯಾಗಿ ತಾಯಿಯೊಂದಿಗೆ ಹೊರಡುತ್ತಾನೆ. ಅಂಥವನು ಒಂದು ತಿಂಗಳ ಬಳಿಕ ಅದೇ ತಾಯಿಯ ಜೊತೆ ಇಲ್ಲಿ ಬಂದು ನಿಂತಾಗ ಪಕ್ಕದಲ್ಲಿ ಹೆಂಡತಿ! ಲಗ್ನಪತ್ರಿಕೆಯಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಹೆಣ್ಣು ಯಾರೆಂದರೆ ಒಂದು ಗಿಡ. ಇದನ್ನೆಲ್ಲ ನಾನು ಮೈತ್ರಿಗೆ ಜೋರಾಗಿಯೇ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಕಥೆ ಚೆನ್ನಾಗಿದೆ, ಆದರೆ ಹಳೆಯದು, ಆಮೇಲೆ ಮದುವೆಯಾಗಿರಬೇಕು ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಪತ್ರಿಕೆ ಓದುತ್ತಿದ್ದ ನನ್ನ ಗಂಡ ನನ್ನ ಪಕ್ಷಕ್ಕೆ ಬರುತ್ತಾರೆ ಎಂದುಕೊಂಡರೆ, ಅವರು ಧಾರವಾಡದವರು. "ಯಾಕಿಷ್ಟು ಸಿಟ್ಟಾಗ್ತಿ? ನಮ್ಮ ಕಡೆ ಸಿದ್ಧಿ-ಬುದ್ಧಿ ಅಂತ ಇಬ್ಬರು ಅದಾರ. ಇಕಿ ಮೂರನೇದಾಕಿ ಆಗ್ತಾಳ, ಅಷ್ಟ" ಎಂದು ಪುಟ ತಿರುಗಿಸಿದರು. ಹತ್ತು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ಮನೆಯ ಗಣೇಶನೂ ನನ್ನ ಗಣೇಶನೂ ಬೇರೆ ಬೇರೆ ಎಂದು ತಿಳಿದ ಬೆಳಗು ಅದು.

ಒಲೆಯ ಮೇಲೆ ಕಡುಬು ಬೇಯಲು ಇಟ್ಟು ಹೊರಗೆ ಬಂದೆ. ಗೌರಿಯ ಬಾಗಿನಕ್ಕೆಂದು ಅತ್ತೆ ಧಾರವಾಡದಿಂದ ಕಳಿಸಿದ್ದ ಎರಡು ರೇಷ್ಮೆಯ ರವಿಕೆ ಕಣಗಳು, ಒಂದು ಹಸಿರು, ಒಂದು ಕೆಂಪು, ಎರಡೂ ಬಾಳೆಕಂದುಗಳ ಮೈಮೇಲಿದ್ದವು. ನನ್ನ ಸೀರೆ ಪಿನ್ನುಗಳಿಂದ ಅಚ್ಚುಕಟ್ಟಾಗಿ ಸೆರಗು ಸಿಕ್ಕಿಸಿತ್ತು. ಗಣೇಶ ಇಬ್ಬರು ಹೆಂಡಿರ ನಡುವೆ ನಿಶ್ಚಿಂತೆಯಿಂದ ಕುಳಿತಿದ್ದ. ನಚ್ಚು ಬೌ ಬೌ ಎಂದು ನಾಯಿಯಂತೆ ಬೊಗಳುತ್ತ ಮೇಜಿನ ಸುತ್ತ ಅಂಬೆಗಾಲಿನಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ. ನಾನು ಹಿಂದೆ ಮುಂದೆ ನೋಡದೆ ಎರಡೂ ಕಣಗಳನ್ನು ಕಿತ್ತು ತೆಗೆದೆ. ಮೈತ್ರಿ ನನ್ನನ್ನು ದಿಟ್ಟಿಸಿದಳು. ಅಳಲಿಲ್ಲ. ಎಲ್ಲರೆದುರು ಒಬ್ಬಳ ಸೀರೆ ಯಾರಾದರೂ ಎಳೆಯುತ್ತಾರಾ ಎಂದು ಸಣ್ಣ ದನಿಯಲ್ಲಿ ಹಿಂದಿಯಲ್ಲಿ ಕೇಳಿ, ಹೋಗಿ ಸೋಫಾದ ಹಿಂದೆ ಕುಳಿತುಕೊಂಡಳು. ನಾನು ಕಣಗಳನ್ನು ಮಡಚಿಟ್ಟು ಒಲೆಯ ಕಡೆಗೆ ಹೋದೆ.

ಪೂಜೆ ಮುಗಿಯಿತು. ಕಾನೂನನ್ನು ಕೈಬಿಟ್ಟು ನಾನೇ ತಟ್ಟೆಯಲ್ಲಿ ಕಡುಬಿಟ್ಟು ಸೋಫಾದ ಹಿಂದಕ್ಕೆ ತಳ್ಳಿದೆ. ತಟ್ಟೆ ಹಾಗೆಯೇ ಹೊರಕ್ಕೆ ಬಂತು. ಅಷ್ಟರಲ್ಲಿ ಬಾಗಿನ ಇಸಿದುಕೊಳ್ಳಲು ಎದುರು ಮನೆಯ ಮಾಶಿ ಬಂದರು. ಹಿಂದಿನ ದಿನ ಅವರು ಊರಲ್ಲಿರಲಿಲ್ಲ. ಬಾಗಿನ ಕೈಗಿಡುವ ಮೊದಲೇ ನನ್ನ ತಕರಾರನ್ನು ಅವರ ಮುಂದಿಟ್ಟೆ. ಅವರು ನಕ್ಕು ಹೇಳಿದ್ದು ಇನ್ನೂ ದೊಡ್ಡ ಆಘಾತ. ಬಲ್ಲವರ ಪ್ರಕಾರ ಆಕೆ ಗಣೇಶನ ಹೆಂಡತಿಯೇ ಅಲ್ಲವಂತೆ. ಬಾಳೆಯ ಜೊತೆ ಅರಿಶಿನ, ಬಿಲ್ವ, ದಾಳಿಂಬೆ, ಭತ್ತ ಎಂದು ಒಂಬತ್ತು ಬಗೆಯ ಸಸ್ಯಗಳನ್ನು ಸೇರಿಸಿ ಕಟ್ಟಿದ ಆ ರೂಪ ಸಾಕ್ಷಾತ್ ದುರ್ಗೆಯದೇ. ಗಣೇಶನ ಪಕ್ಕ ನಿಂತಿದ್ದರಿಂದ ಜನರ ಬಾಯಲ್ಲಿ ಹೆಂಡತಿಯಾದಳು. ಅಂದರೆ ತಾಯಿ! ನಮ್ಮ ಗೌರಿ! ತಾಯಿಯಂಥವಳು ಬೇಕು ಎಂದು ಅವನು ಕೇಳಿದರೆ ಈ ಊರಿನವರು ತಾಯಿಗೇ ಸೆರಗು ಹೊದಿಸಿ ಸೊಸೆ ಎಂದು ಕರೆದುಬಿಟ್ಟರಲ್ಲ. ನಾನು ಬಿಸಿಯಾದಷ್ಟೂ ಮಾಶಿ ತಣ್ಣಗಾದರು. ತಾಯಿಯೋ ಸೊಸೆಯೋ, ಒಂದೇ ಮನೆಯವಳಲ್ಲವೇ ಎಂದು ಕಡುಬು ಮುರಿದು ಬಾಯಿಗೆ ಹಾಕಿಕೊಂಡರು.

ಆಗ ಸೋಫಾದ ಹಿಂದಿನಿಂದ ದನಿ ಬಂತು. ಈ ಗಿಡಗಳಿಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಹಿಂದಿಯಲ್ಲಿ ಪ್ರಶ್ನೆ. ನಾನು ಮುನಿಸಿನಲ್ಲೇ ಬಾಳೆಕಂದು ಎಂದೆ. ಆಮೇಲೆ ಮೈತ್ರಿಯ ತಲೆ ಮೇಲೆದ್ದಿತು.

"ಕಂದು? ಲೈಕ್ ಕಂದ? ಅಮ್ಮಾ, ಫಿರ್ ತೋ ಯೇ ಬೌ ನಹೀಂ ಹೈ. ದೇ ಆರ್ ಬೇಬೀಸ್."

ಮುಂದಿನದನ್ನು ಅವಳು ಒಂದೇ ಉಸಿರಿಗೆ ಬಿಡಿಸಿಟ್ಟಳು. ಇವು ಹೆಂಡತಿಯರಲ್ಲ, ಮಕ್ಕಳು. ಬೌ ಈಗ ಬೇರೆಲ್ಲೋ ಇದ್ದಾಳೆ, ಪೂಜೆಗೆ ಬರುತ್ತಾಳೆ. ಅಲ್ಲಿಯವರೆಗೆ ಅಪ್ಪ ಇಬ್ಬರು ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಾನೆ. ಹೀಗೆಂದವಳು ನಚ್ಚುವಿನ ಎರಡು ಹಳೆಯ ಟವೆಲ್ಲು ತಂದು ಎರಡಕ್ಕೂ ಹೊದಿಸಿದಳು, ಕಡುಬಿನ ತಟ್ಟೆ ತಾನೇ ಎಳೆದುಕೊಂಡಳು. ನನ್ನ ಗಂಡ ಕೊನೆಗೂ ಪತ್ರಿಕೆ ಮಡಚಿ, "ಮುಂಜಾನಿ ಬ್ರಹ್ಮಚಾರಿ ಇದ್ದಾಂವ, ಮಧ್ಯಾಹ್ನಕ್ಕ ಎರಡು ಮಕ್ಕಳ ತಂದಿ" ಎಂದರು. ಗಣೇಶನ ಬ್ರಹ್ಮಚರ್ಯ ಉಳಿಸಲು ಹೊರಟ ನಾನು ಬಾಯಿಬಿಟ್ಟು ಹೇಳಿದ ಒಂದೇ ಒಂದು ಕನ್ನಡ ಪದದಿಂದ ಅವನ ಸಂಸಾರ ಇಷ್ಟು ಬೆಳೆಯಿತು. ಮಗಳಿಗೆ ಕನ್ನಡ ಕಲಿಸಬೇಕೆಂದವಳಿಗೆ ಇದು ಆಗಬೇಕಾದದ್ದೇ.

ಸಂಜೆ ಗಣೇಶನನ್ನು ಬಾಲ್ಕನಿಯ ಬಕೆಟ್ಟಿನಲ್ಲಿ ವಿಸರ್ಜಿಸಿದೆವು. ಕಂದುಗಳನ್ನು ಕಸಕ್ಕೆ ಹಾಕಲು ಮೈತ್ರಿ ಬಿಡಲಿಲ್ಲ. ಬುಡದಲ್ಲಿ ಗಡ್ಡೆಯಿತ್ತು. ಖಾಲಿಯಾದ ಎರಡು ಪೇಂಟ್ ಡಬ್ಬಗಳಲ್ಲಿ ಮಣ್ಣು ತುಂಬಿ ನೆಟ್ಟೆವು. ಒಂದು ವಾರದೊಳಗೆ ಒಂದರ ಸುಳಿ ಕಪ್ಪಾಯಿತು, ಇನ್ನೊಂದು ಹೊಸ ಎಲೆ ಬಿಟ್ಟಿತು. ದಿನಾ ಶಾಲೆಗೆ ಹೋಗುವ ಮುನ್ನ ಎರಡಕ್ಕೂ ನೀರು. ಸುಳಿ ಕಪ್ಪಾದುದಕ್ಕೆ ಇನ್ನೊಂದು ಲೋಟ ಹೆಚ್ಚು.

ಮುಂದಿನ ತಿಂಗಳು ದುರ್ಗಾಪೂಜೆಯ ಸಪ್ತಮಿಯ ಬೆಳಗ್ಗೆ ಮಾಶಿ ನಮ್ಮೆಲ್ಲರನ್ನೂ ಪಂದಾಲಿಗೆ ಎಬ್ಬಿಸಿಕೊಂಡು ಹೋದರು. ಡೋಲಿನ ಸದ್ದಿನೊಂದಿಗೆ ಕೊಲಾ ಬೌ ಸ್ನಾನ ಮುಗಿಸಿ ಬಂದಳು. ಕೆಂಪಂಚಿನ ಬಿಳಿ ಸೀರೆ, ತಗ್ಗಿಸಿದ ತಲೆ, ಮುಖವೇ ಕಾಣದಷ್ಟು ಸೆರಗು. ಗಣೇಶನ ಪಕ್ಕದಲ್ಲಿ ನಿಲ್ಲಿಸಿದರು. ನಾನು ಅತ್ತೆಯ ಬಿಗುಮಾನದಿಂದ ದೂರದಲ್ಲೇ ನಿಂತೆ. ಮೈತ್ರಿ ಮಾತ್ರ ನನ್ನ ಕೈ ಬಿಡಿಸಿಕೊಂಡು ಅಡ್ಡ ಕಟ್ಟಿದ್ದ ಹಗ್ಗದ ತನಕ ನುಗ್ಗಿದಳು. ಅಟ್ಟಿಸಿಕೊಂಡು ಹೋದವಳು ಅವಳ ಬೆನ್ನ ಹಿಂದೆ ನಿಂತುಬಿಟ್ಟೆ. ಅವಳು ಆ ಬಗ್ಗಿದ ತಲೆಗೆ ಹೇಳುತ್ತಿದ್ದಳು:

"ನಿಮ್ಮ ಮಕ್ಕಳು ನಮ್ಮ ಮನೇಲಿ ಇದಾರೆ. ಚೆನ್ನಾಗಿ ನೀರು ಕುಡೀತಾರೆ. ನೀವು ಅಳಬೇಡಿ."

ಮೂರು ವಾಕ್ಯ. ಮೂರಕ್ಕೂ ಕ್ರಿಯಾಪದ. ಮೇಲಾಗಿ ಬಹುವಚನದ ಮರ್ಯಾದೆ. ಆರು ವರ್ಷ ನಾನು ಕಾದದ್ದು, ಬೇಡಿದ್ದು, ಕಡುಬು ಹಿಡಿದು ಬೆದರಿಸಿದ್ದು ಎಲ್ಲವನ್ನೂ ಹೊತ್ತುಕೊಂಡು ಹೋಗಿ ಒಂದು ಬಾಳೆಗಿಡದ ಕಾಲಿಗೆ ಹಾಕಿದ್ದಳು. ಹಿಗ್ಗಿದೆ, ನಿಜ. ಆದರೆ ಸಿಟ್ಟೂ ಬಂತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಈ ಬೌಗೆ ಕನ್ನಡ ಬರುತ್ತದೆ ಅಂತ ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಇಷ್ಟೂ ತಿಳಿಯದ ಅಮ್ಮನನ್ನು ಕನಿಕರದಿಂದ ನೋಡಿ, ಮಕ್ಕಳ ಹೆಸರು ಕನ್ನಡದಲ್ಲಿದೆಯಲ್ಲ, ತಾಯಿಗೆ ಬಾರದೆ ಇರುತ್ತದೆಯೇ ಎಂದಳು. ಈ ಸಲ ಮತ್ತೆ ಹಿಂದಿಯಲ್ಲಿ.

ಮನೆಗೆ ಬಂದವಳೇ ಗಂಡನಿಗೆ, ಬರುವ ವರ್ಷ ಧಾರವಾಡದಿಂದ ಬಾಗಿನಕ್ಕೆ ಒಂದು ಕಣ ಹೆಚ್ಚಿಗೆ ತರಿಸಿ ಎಂದು ಹೇಳಿದೆ. ಯಾರಿಗೆ ಎಂದು ಕೇಳಿದರು. ಸೊಸೆಗೆ ಎಂದೆ.